ಸೀನರಿ ಒಲ್ಲದ ಶಿವಕುಮಾರಿ

ನಮ್ಮ ಮಸ್ಕಿಯ ಯಾವ ಮಗುವಿಗೆ ಹಾಳೆ, ಪೆನ್ಸಿಲ್ ಕೊಟ್ಟು ಕೂಡಿಸಿದರೂ ಅದು ಒಂದೇ ಚಿತ್ರ ಮಾಡುತ್ತದೆ. ಎರಡು ತ್ರಿಕೋಣದ ಗುಡ್ಡ, ಗುಡ್ಡದ ಸಂದಿಯಲ್ಲಿ ಕೂದಲು ನಿಮಿರಿದ ಸೂರ್ಯ, ಅಲ್ಲಿಂದಲೇ ಇಳಿಯುವ ಹೊಳೆ, ದಂಡೆಗೆ ಕೆಂಪು ಹೆಂಚಿನ ಮನೆ, ಮನೆಗೊಂದು ತೆಂಗಿನ ಮರ, ಆಕಾಶದಲ್ಲಿ ಮಾಸ್ತರರ ಸರಿ ಗುರುತಿನಂಥ ಹಕ್ಕಿಗಳು. ಇದರ ಹೆಸರು ಸೀನರಿ. ಊರ ನೆತ್ತಿಯ ಮೇಲೆ ಯಾರೋ ಚೀಲದಿಂದ ಬಂಡೆ ಸುರುವಿ ಹೋದಂಥ ನಿಜವಾದ ಗುಡ್ಡವಿದೆ. ಮಕ್ಕಳು ಅದಕ್ಕೆ ಬೆನ್ನು ಕೊಟ್ಟು ಕೂತು, ಎಂದೂ ಕಾಣದ ತ್ರಿಕೋಣದ ಗುಡ್ಡಕ್ಕೆ ಹಸಿರು ಬಣ್ಣ ತುಂಬುತ್ತಾರೆ. ನಾನೂ ಅದನ್ನೇ ಮಾಡಿ ಪಾಸಾದವನು. ನನ್ನ ಸೂರ್ಯನಿಗೆ ಮೀಸೆ ಇತ್ತು, ಅಷ್ಟೇ ಫರಕು.

ಶಿವಕುಮಾರಿಗೆ ಸೀನರಿ ಕಂಡರೆ ವಾಕರಿಕೆ. ಮಾತಿಗೆ ಹೇಳುತ್ತಿಲ್ಲ. ಅನ್ನದಲ್ಲಿ ಕೂದಲು ಸಿಕ್ಕವರ ಹಾಗೆ ಮುಖ ಮಾಡಿ, ಸೆರಗು ಬಾಯಿಗೆ ಒತ್ತಿಕೊಂಡು, "ಒಯ್ಯಿ ಅತ್ಲಾಗ" ಎನ್ನುತ್ತಾಳೆ.

ಹುಟ್ಟಿದ್ದು ಲಿಂಗಸುಗೂರಿನಲ್ಲಿ. ಅಪ್ಪನದು ಕಿರಾಣಿ ಅಂಗಡಿ, ಮನೆಯಲ್ಲೊಂದು ಎಮ್ಮೆ. ಬೆಳಿಗ್ಗೆ ಎಮ್ಮೆ ಹೊಡೆದುಕೊಂಡು ಹೋಗುವುದು ಅವಳ ಪಾಲಿನ ಕೆಲಸ. ಐದನೆಯ ತರಗತಿಯಲ್ಲಿ ಡ್ರಾಯಿಂಗ್ ಮಾಸ್ತರು ಸಾಕುಪ್ರಾಣಿಯ ಚಿತ್ರ ಕೇಳಿದಾಗ ತಾನು ದಿನಾ ಕಂಡ ಎಮ್ಮೆಯನ್ನೇ ಮಾಡಿದಳು: ಎರಡು ತೊಡೆ, ಒಂದು ಬಾಲ, ಬಾಲದ ಕೆಳಗೆ ಬೀಳುತ್ತಿರುವುದು. ಮಾಸ್ತರು ಹಾಳೆಯನ್ನು ಸತ್ತ ಇಲಿಯಂತೆ ಎರಡೇ ಬೆರಳಲ್ಲಿ ಎತ್ತಿ ಹಿಡಿದು, "ಮುಖ ಎಲ್ಲೈತಿ?" ಎಂದರು. "ಮುಂದ ಐತ್ರಿ" ಎಂದಳು. ಸೊನ್ನೆ ಬಿತ್ತು. ಪಕ್ಕದ ಹುಡುಗಿ ಸೀನರಿಯಲ್ಲಿ ಮನೆಯ ಬಾಗಿಲಿಗೆ ಒಂದು ನಾಯಿ ಕಟ್ಟಿ ಹತ್ತಕ್ಕೆ ಒಂಬತ್ತು ತೆಗೆದುಕೊಂಡಳು.

ಮುಂದೆ ಮದುವೆಯಾಗಿ ಮಸ್ಕಿಗೆ ಬಂದಳು. ಗಂಡ ಸಂಗನಬಸವ ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿಯ ಮೇಲೆ ನೆಲದೊಳಗೆ ಇಳಿಯುವವನು; ಮೇಲೆ ಬಂದಾಗ ಹೆಂಡತಿ ಏನು ಮಾಡುತ್ತಿದ್ದರೂ ಬೆಳಕಿದ್ದರೆ ಸಾಕು ಎನ್ನುವ ಸ್ವಭಾವ. ಅವಳು ಖಾಸಗಿ ಶಾಲೆಯೊಂದರಲ್ಲಿ ವಾರವಿಡೀ ಮಗ್ಗಿ ಹೇಳಿಸಿ, ಭಾನುವಾರ ನಮ್ಮ ಕಾಲೊನಿಯ ಸಮುದಾಯ ಭವನದ ಹಿಂದಿನ ಖೋಲಿಯಲ್ಲಿ ಓಣಿಯ ಮಕ್ಕಳನ್ನೆಲ್ಲ ಕೂಡಿಸಿ ಚಿತ್ರ ಕಲಿಸತೊಡಗಿದಳು. ಕಲಿಸುವುದು ಎಂದರೆ ಮಕ್ಕಳ ಹಾಳೆಯನ್ನು ತಾನು ಮುಟ್ಟುವುದೇ ಇಲ್ಲ. ಮೊದಲು ಕೈಕಟ್ಟಿ ಕೂತು ನೋಡಬೇಕು, ಕಂಡದ್ದರ ಬಗ್ಗೆ ಪ್ರಶ್ನೆ ಕೇಳಬೇಕು, ಆಮೇಲೆ ಪೆನ್ಸಿಲ್.

ಇದರಿಂದ ಊರಿಗೆ ತೊಂದರೆಯಾಯಿತು. ಮಕ್ಕಳು ಎಲ್ಲವನ್ನೂ ನೋಡತೊಡಗಿದವು. ಕಾಲೊನಿಯ ಗುಮಾಸ್ತ ನರಸಣ್ಣ ಒಂದು ದಿನ ನನ್ನ ಹತ್ತಿರ ದೂರು ತಂದ.

"ಸರ, ನಮ್ಮ ದೀಪಾ ಉಣ್ಣಾಕ ಕುಂತ್ರ ಅವರಜ್ಜನ ಬಾಯೇ ನೋಡತಾಳ್ರಿ. ಹಲ್ಲಿಲ್ದ ರೊಟ್ಟಿ ಹೆಂಗ ತಿರುಗತೈತಿ ಅಂತ ಕೇಳತಾಳ. ಮುದುಕ ಈಗ ಗ್ವಾಡಿ ಕಡೆ ಮುಖ ಮಾಡಿ ಉಣ್ಣಾಕತ್ಯಾನ."

"ಒಳ್ಳೇದಲ್ಲೇನೊ, ಕುತೂಹಲ" ಎಂದೆ.

"ನಿಮ್ಮನ್ನೂ ತಗದಾಳ್ರಿ" ಎಂದ ನರಸಣ್ಣ. ಕಿಸೆಯಿಂದ ಹಾಳೆ ಬಿಚ್ಚಿದ. ಮೈಕಿನ ಮುಂದೆ ಒಂದು ಕುಂಬಳಕಾಯಿ, ಅದಕ್ಕೆ ಕನ್ನಡಕ. ನಾನು ಸಿಂಧನೂರಿನ ಹೈಸ್ಕೂಲಿನಲ್ಲಿ ಕನ್ನಡ ಹೇಳುತ್ತೇನೆ, ಪತ್ರಿಕೆಗೆ ಹಾಸ್ಯ ಬರೆಯುತ್ತೇನೆ, ಆ ಕಾರಣಕ್ಕೆ ಭವನದ ಕಮಿಟಿಯಲ್ಲಿ ಸಾಂಸ್ಕೃತಿಕ ಸದಸ್ಯ. ಸಾಂಸ್ಕೃತಿಕ ಸದಸ್ಯನ ಕೆಲಸ ಮೈಕ್ ಹಿಡಿದು ಹಲೋ ಹಲೋ ಎನ್ನುವುದು. ಚಿತ್ರದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಕಮಿಟಿಯ ಅಧ್ಯಕ್ಷರು ಸಿದ್ದಲಿಂಗೇಶ; ಗೊಬ್ಬರ, ಎಣ್ಣೆಯ ಅಂಗಡಿಯವರು. ಕರಿಬಸಯ್ಯ ಎಂಬೊಬ್ಬರು ವಸತಿಶಾಲೆಯ ಪ್ರವೇಶ ಪರೀಕ್ಷೆಗೆ ಕೋಚಿಂಗ್ ನಡೆಸಲು ಅದೇ ಖೋಲಿ ಕೇಳುತ್ತಿದ್ದರು. ಅಧ್ಯಕ್ಷರು ಶಿವಕುಮಾರಿಯನ್ನು ಕರೆಸಿ ಖಡಕ್ಕಾಗಿ ಹೇಳಿದರು:

"ನೋಡ್ರಿ ಟೀಚರ್, ರಾಜ್ಯೋತ್ಸವಕ್ಕ ರಾಯಚೂರಿಂದ ದೊಡ್ಡ ಆಫೀಸರ್ ಮೇಡಂ ಬರಾಕತ್ಯಾರ. ಮಕ್ಕಳ ಚಿತ್ರ ನೋಡಿ ಅವರು ಖುಷಿ ಆದ್ರ ಖೋಲಿ ನಿಮ್ದು. ಇಲ್ಲಾಂದ್ರ ಕರಿಬಸಯ್ಯಗ ಕೊಡತೀವಿ. ಚಿತ್ರಾ ಕಲ್ತು ಯಾವ ಹುಡುಗ ತಹಸೀಲ್ದಾರ್ ಆಗ್ಯಾನ?"

ಆಮೇಲೆ ಡ್ರಾವರ್ ಎಳೆದು ಸಿಂಧನೂರಿನ ಬೀಜದ ಕಂಪನಿಯ ಹಳೆಯ ಕ್ಯಾಲೆಂಡರ್ ತೆಗೆದು ಮೇಜಿನ ಮೇಲೆ ಹರಡಿದರು. ಎರಡು ಗುಡ್ಡ, ಒಬ್ಬ ಸೂರ್ಯ, ಹೊಳೆ. "ಇದನ್ನ ನೋಡಿ ತಗಸ್ರಿ. ಎಲ್ಲಾ ಹುಡುಗ್ರದು ಒಂದೇ ನಮೂನಿ ಬರಬೇಕು."

ಶಿವಕುಮಾರಿ ಸೆರಗು ಬಾಯಿಗೆ ಒತ್ತಿಕೊಂಡಳು. ಅಧ್ಯಕ್ಷರು ಅದನ್ನು ನಾಚಿಕೆ ಎಂದು ತಿಳಿದರು. ನಾನು ವಾಂತಿಯ ಭಯದಿಂದ ಕುರ್ಚಿ ಹಿಂದಕ್ಕೆ ಸರಿಸಿದೆ.

"ಕಣ್ಣಿಗೆ ಕಂಡದ್ದನ್ನ ತಗಸ್ತೀನ್ರಿ" ಎಂದಳು.

"ಹೌದು, ಕಣ್ಣಿಗೆ ಕಾಣೂ ಹಂಗ ದೊಡ್ಡದಾಗಿ" ಎಂದರು ಅಧ್ಯಕ್ಷರು.

ಈಗ ಆ ಖೋಲಿಯಿಂದ ಕಣ್ಣಿಗೆ ಏನು ಕಾಣುತ್ತಿತ್ತು ಎಂಬುದನ್ನು ಹೇಳಬೇಕು. ಊಟ ಮಾಡುತ್ತ ಓದುವವರು ತಟ್ಟೆ ಪಕ್ಕಕ್ಕಿಡಿ. ಖೋಲಿಗೆ ಒಂದೇ ಕಿಟಕಿ. ಕಿಟಕಿಯಾಚೆ ಕಾಂಪೌಂಡಿನ ಗೋಡೆ. ಮಸ್ಕಿಯ ಗಂಡಸರು, ಸಭೆಗೆ ಬಂದವರು, ಮದುವೆಗೆ ಬಂದವರು, ಸುಮ್ಮನೆ ಹಾದು ಹೋಗುವವರು, ಎಲ್ಲರೂ ಆ ಗೋಡೆಗೆ ಮುಖ ಮಾಡಿ ನಿಲ್ಲುತ್ತಾರೆ. ಭವನದಲ್ಲಿ ಶೌಚಾಲಯವಿದೆ, ಅದರಲ್ಲಿ ಶಾಮಿಯಾನದ ಬೊಂಬು ಪೇರಿಸಿ ಬೀಗ ಹಾಕಿದ್ದೇವೆ. ಗೋಡೆಯ ಮೇಲೆ 'ಇಲ್ಲಿ ಮೂತ್ರ ಮಾಡಬಾರದು' ಎಂದು ಬರೆಸಿದ್ದೆವು. ಕೊನೆಯ ಎರಡು ಅಕ್ಷರಗಳನ್ನು ಉಪ್ಪು ತಿಂದು 'ಇಲ್ಲಿ ಮೂತ್ರ ಮಾಡಬಾ' ಎಂದು ಉಳಿದಿದೆ. ಇಷ್ಟು ಪ್ರೀತಿಯಿಂದ ಕರೆದರೆ ಯಾರು ತಾನೇ ಬರುವುದಿಲ್ಲ? ಗೋಡೆಯ ಬುಡಕ್ಕೆ ಹಸಿರು ಹಾವಸೆ, ಅದರ ಮೇಲೆ ಗುಟ್ಕಾದ ಕೆಂಪು, ಕೆಂಪಿನ ಮೇಲೆ ನೊಣ, ಪಕ್ಕದಲ್ಲಿ ಕಣ್ಣುಮುಚ್ಚಿ ಮಲಗಿದ ಒಂದು ಹಂದಿ. ನಾತ ಎಂಥದೆಂದರೆ ಭವನದಲ್ಲಿ ಭಾಷಣ ಮಾಡುವವರು ಚಿಕ್ಕದಾಗಿ ಮುಗಿಸುತ್ತಾರೆ, ಅದೊಂದೇ ಉಪಕಾರ.

ಇನ್ನೊಂದು ಮಾತು. ಬೇರೆ ಕಡೆ ಚಿತ್ರ ಬಿಡಿಸುತ್ತಾರೆ. ನಮ್ಮ ಕಡೆ ತೆಗೆಯುತ್ತೇವೆ. "ಚಿತ್ರ ತಗೀರಿ" ಎಂದರೆ ಶಿವಕುಮಾರಿಯ ಮಕ್ಕಳಿಗೆ ಪೆನ್ಸಿಲ್ ಹಿಡಿಯಿರಿ ಎಂದೇ ಅರ್ಥ. ಭಾನುವಾರಕ್ಕೊಮ್ಮೆ ಅವರು ಕೇಳುವ ಅಪ್ಪಣೆ ಅದು.

ರಾಜ್ಯೋತ್ಸವದ ಬೆಳಿಗ್ಗೆ ನಾನು ಮೈಕಿಗೆ ಹಲೋ ಹೇಳುತ್ತಿದ್ದೆ. ಅತಿಥಿಗಳ ಕಾರು ಊರ ಹತ್ತಿರ ಬಂದಿದೆ ಎಂದು ಫೋನು ಬಂತು. ಅಧ್ಯಕ್ಷರು ಇಸ್ತ್ರಿ ಮುರಿಯದ ಬಿಳಿ ಅಂಗಿಯಲ್ಲಿ ಖೋಲಿ ನೋಡಲು ಒಳಗೆ ಹೋದರು. ಹೋದವರ ಸದ್ದೇ ಇಲ್ಲ. ನಾನೂ ಹೋದೆ.

ಗೋಡೆಯ ತುಂಬ ಚಿತ್ರ. ಒಂದರಲ್ಲೂ ಸೂರ್ಯನಿಲ್ಲ. ಎಲ್ಲದರಲ್ಲೂ ಗಂಡಸರ ಬೆನ್ನು. ಸಾಲಾಗಿ ನಿಂತವು, ಒಂಟಿಯಾಗಿ ನಿಂತವು, ಧೋತರ ಎತ್ತಿದವು, ಒಂದು ಕೈ ಗೋಡೆಗೆ ಕೊಟ್ಟು ಧ್ಯಾನಕ್ಕೆ ಕೂತಂತೆ ತಲೆ ತಗ್ಗಿಸಿದವು. ಒಬ್ಬ ಹುಡುಗ ಬರೀ ಚಪ್ಪಲಿಗಳನ್ನೂ ಅವುಗಳ ನಡುವೆ ಹರಿಯುವ ಹೊಳೆಯನ್ನೂ ತೆಗೆದಿದ್ದ. ಇನ್ನೊಬ್ಬಳು ಹಂದಿಯ ಒಂದು ಕಣ್ಣು ತೆರೆಸಿದ್ದಳು. ಆ ಕಣ್ಣಿನಲ್ಲಿ ನಮ್ಮ ಊರಿನ ಬಗ್ಗೆ ಅಷ್ಟೇನೂ ಒಳ್ಳೆಯ ಅಭಿಪ್ರಾಯವಿರಲಿಲ್ಲ. ದೀಪಾಳ ಚಿತ್ರದಲ್ಲಿ ಒಂದೇ ಬೆನ್ನು. ಬಿಳಿ ಅಂಗಿ, ಕತ್ತು ಒಂದು ಕಡೆ ವಾಲಿಸಿ ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿದ ಮೊಬೈಲು. ಮಸ್ಕಿಯಲ್ಲಿ ಹಾಗೆ ಮಾತಾಡುತ್ತ ನಿಲ್ಲುವವರು ಒಬ್ಬರೇ.

"ಇದು ನಾನಲ್ಲ" ಎಂದರು ಅಧ್ಯಕ್ಷರು, ಯಾರೂ ಕೇಳದಿದ್ದರೂ.

ಹೊರಗೆ ಕಾರಿನ ಹಾರ್ನ್ ಆಯಿತು. ಅಧ್ಯಕ್ಷರು ಬೆವತು, ಮಕ್ಕಳ ಕಡೆ ತಿರುಗಿ ಗದರಿದರು: "ಏ, ತಗೀರ್ಲೇ ಚಿತ್ರಾ. ಲಗೂನ ತಗೀರಿ ಎಲ್ಲಾರು."

ಮಕ್ಕಳು ತಟ್ಟನೆ ಕೂತವು. ಚೀಲ ಬಿಚ್ಚಿ ಹಾಳೆ ತೊಡೆಯ ಮೇಲಿಟ್ಟುಕೊಂಡು ಅಧ್ಯಕ್ಷರನ್ನೇ ನೋಡತೊಡಗಿದವು.

"ತಗೀರಿ ಅಂದ್ರ ಕುಂದರತೀರೇನಲೇ? ತಗೀರಿ ಅಂದೆ."

"ತಗ್ಯಾಕತ್ತೀವ್ರಿ" ಎಂದಳು ದೀಪಾ. "ಸ್ವಲ್ಪ ಅಳ್ಳಾಡಬ್ಯಾಡ್ರಿ, ಮೂಗು ಕೆಡತೈತಿ."

ನಾನು ಶಿವಕುಮಾರಿಯ ಕಡೆ ನೋಡಿದೆ. ಒಂದು ಮಾತು ಹೇಳಿದ್ದರೆ ಮಕ್ಕಳಿಗೆ ತಿಳಿಯುತ್ತಿತ್ತು. ಖೋಲಿ ಹೋಗುವುದೋ ಉಳಿಯುವುದೋ ಇನ್ನೊಂದು ಗಳಿಗೆಯಲ್ಲಿ ತೀರ್ಮಾನವಾಗುವುದಿತ್ತು. ಅವಳ ಮುಖ ಬಿಳಿಚಿತ್ತು, ಆದರೂ ಹೇಳಿದ್ದು ಇಷ್ಟೇ: "ಅಧ್ಯಕ್ಷರು ಹೇಳ್ಯಾರಲ್ಲ, ಚಂದಗ ನೋಡಿ ತಗೀರಿ."

ರಾಯಚೂರಿನ ಮೇಡಂ ಒಳಗೆ ಬಂದಾಗ ಮಕ್ಕಳು ತಲೆ ತಗ್ಗಿಸಿ ಗೀಚುತ್ತಿದ್ದವು, ನಡುವೆ ಅಧ್ಯಕ್ಷರು ಕೈ ಮೇಲೆತ್ತಿದವರು ಹಾಗೇ ನಿಂತಿದ್ದರು. ಮೇಡಂ ಗೋಡೆಯ ಚಿತ್ರಗಳನ್ನು ಒಂದೊಂದಾಗಿ ನೋಡಿದರು. ಕಿಟಕಿಗೆ ಹೋಗಿ ಹೊರಗೆ ಇಣುಕಿದರು. ಆ ಹೊತ್ತಿಗೂ ಅಲ್ಲಿ ಒಬ್ಬ ನಿಂತಿದ್ದ. ಮೇಡಂ ಕರವಸ್ತ್ರ ಮೂಗಿಗೆ ಹಿಡಿದು, "ಇದೇನ್ರೀ ಇದು?" ಎಂದರು.

ಇನ್ನು ನಮ್ಮ ಅಧ್ಯಕ್ಷರ ಶಕ್ತಿ ನೋಡಿ. ಒಂದು ಉಸಿರು ಎಳೆದುಕೊಂಡರು, ನಾತ ಸಮೇತ. "ಸ್ವಚ್ಛತಾ ಜಾಗೃತಿ, ಮೇಡಂ. ನಮ್ಮ ಕಮಿಟಿದೇ ಕಾರ್ಯಕ್ರಮ. ಮಕ್ಕಳಿಗೆ ನಾನೇ ಹೇಳಿ ತಗಿಸೀನಿ."

ಮೇಡಂ ಮೆಚ್ಚಿದರು. ಜಾಗೃತಿ ಎಂಬ ಶಬ್ದ ಕೇಳಿದರೆ ಅಧಿಕಾರಿಗಳು ಕರಗುತ್ತಾರೆ. ಈ ಖೋಲಿ ಮಕ್ಕಳಿಗೇ ಇರಬೇಕು ಎಂದು ವೇದಿಕೆಯಲ್ಲಿ ಹೇಳಿದರು. ಅಧ್ಯಕ್ಷರು ಎದ್ದು "ಕಾಯಂ" ಎಂದು ಸಾರಿದರು. ದೂರದೃಷ್ಟಿಯ ನಾಯಕರೆಂದು ನಾನು ಅದೇ ಬಾಯಿಂದ, ಅದೇ ಮೈಕಿನಲ್ಲಿ ಕೊಂಡಾಡಿದೆ. ಆಮೇಲೆ ಮನೆಗೆ ಹೋಗಿ ಬಾಯಿ ಮುಕ್ಕಳಿಸಿದೆ. ರುಚಿ ಹೋಗಲಿಲ್ಲ.

ಮುಂದಿನ ವಾರ ಕಮಿಟಿ ಕೂತಿತು. ಗೋಡೆ ತೊಳೆಯುವ ಮಾತು ಬರಲಿಲ್ಲ. ಶೌಚಾಲಯದ ಬೊಂಬು ತೆಗೆಯುವ ಮಾತೂ ಬರಲಿಲ್ಲ. ಕಿಟಕಿ ಮುಚ್ಚಿಸಬೇಕೆಂದು ಸರ್ವಾನುಮತದಿಂದ ಠರಾವಾಯಿತು. ನನ್ನ ಕೈ ಎಲ್ಲರಿಗಿಂತ ನಿಧಾನವಾಗಿ ಮೇಲೆದ್ದಿತು, ಆದರೆ ಎದ್ದಿತು.

ಆ ಭಾನುವಾರ ಶಿವಕುಮಾರಿ ಮಕ್ಕಳೊಂದಿಗೆ ಬಂದು ನೋಡಿದಾಗ ಕಿಟಕಿಯ ಜಾಗದಲ್ಲಿ ಇಟ್ಟಿಗೆ, ಮೇಲೆ ಹಸಿ ಗಿಲಾವು. ಟ್ಯೂಬ್‌ಲೈಟು ಮಿಣಮಿಣ ಎನ್ನುತ್ತಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ.

"ಏನ್ ಕಾಣತೈತಿ?" ಎಂದು ಮಕ್ಕಳನ್ನು ಕೇಳಿದಳು.

"ಏನೂ ಕಾಣವಲ್ದ್ರಿ ಟೀಚರ್."

ಅವಳು ಬೀಗ ಹಾಕಿ, ಕೀಲಿಯನ್ನು ನನ್ನ ಕೈಗಿಟ್ಟಳು.

"ನಿಮ್ಮ ಅಧ್ಯಕ್ಷರಿಗೆ ಕೊಡ್ರಿ. ಕರಿಬಸಯ್ಯಾವರು ಬರಲಿ. ಅವರ ಹುಡುಗ್ರಿಗೆ ಹೊರಗ ನೋಡೂ ಕೆಲಸ ಇಲ್ಲ."

"ಖೋಲಿ ಕಾಯಂ ಆಗೈತಲ್ಲ ತಂಗಿ, ಯಾಕ ಬಿಡ್ತಿ?" ಎಂದೆ.

"ನಿಮ್ಮ ಕಾಯಂ ನೀವ ಇಟಗೊಳ್ರಿ ಅಣ್ಣಾರ" ಎಂದಳು. ಅವಳು ಸೀನರಿಯ ಕಡೆ ಮಾಡುತ್ತಿದ್ದ ಮುಖವನ್ನು ನನ್ನ ಕಡೆ ಮಾಡಿದ್ದು ಅದೇ ಮೊದಲು.

ಅವತ್ತೇ ಅವಳು ಮತ್ತು ನಾಲ್ಕಾರು ತಾಯಂದಿರು ಸೇರಿ ಭವನದ ಹಿಂದೆ ಆ ಗೋಡೆಯ ಬುಡಕ್ಕೆ ಬ್ಲೀಚಿಂಗ್ ಪೌಡರ್ ಚೆಲ್ಲಿ, ಕೊಡಗಟ್ಟಲೆ ನೀರು ಸುರಿದು, ಗೋಡೆಯೆದುರಿನ ಬೇವಿನ ನೆರಳಿಗೆ ಚಾಪೆ ಹಾಸಿದರು. ನಾತ ಅರ್ಧ ಹೋಯಿತು, ಅರ್ಧ ಊರಿನದೇ ಆದ್ದರಿಂದ ಉಳಿಯಿತು. ಮಕ್ಕಳು ಸಾಲಾಗಿ ಕೂತವು. ಕೀಲಿ ಹಿಡಿದುಕೊಂಡು ಏನು ಮಾಡಬೇಕೋ ತಿಳಿಯದೆ ನಾನೂ ಹಿಂದೆ ನಿಂತೆ.

ಸ್ವಲ್ಪ ಹೊತ್ತಿಗೆ ಒಬ್ಬ ಮನುಷ್ಯ ಅವಸರದಿಂದ ಮೂಲೆ ತಿರುಗಿ ಬಂದ, ಕೈ ಆಗಲೇ ಪ್ಯಾಂಟಿನ ಗುಂಡಿಯ ಮೇಲಿತ್ತು. ಅಷ್ಟೂ ಮಕ್ಕಳು ತಲೆಯೆತ್ತಿ, ಪೆನ್ಸಿಲ್ ಹಿಡಿದು, ಬಹಳ ಆಸಕ್ತಿಯಿಂದ ಅವನನ್ನು ನೋಡಿದವು. ಅವನು ನಿಂತ. ಕೈ ಸರಿಸಿದ. ಮಳೆ ನೋಡಲು ಬಂದವನಂತೆ ಮುಖವೆತ್ತಿ ಮೋಡವಿಲ್ಲದ ಆಕಾಶವನ್ನು ಒಂದಷ್ಟು ಹೊತ್ತು ಪರೀಕ್ಷಿಸಿದ. ಕೆಮ್ಮಿದ. ಬಂದ ದಾರಿಯಲ್ಲೇ ಕಾಲು ಕಾಲಿಗೆ ಸುತ್ತಿಕೊಂಡು ಹೋದ.

ಶಿವಕುಮಾರಿ ಮೂಗಿನ ಮೇಲಿನ ಸೆರಗು ಇಳಿಸಿದಳು.

"ಮುಗಲ ನೋಡಿದ್ನಲ್ಲ, ಆ ಮುಖ ಕಂಡ್ತೇನು? ಮರಿಯೂದ್ರೊಳಗ ತಗೀರಿ."