ತುಳಸಾಬಾಯಿಯ ಪತ್ತು

ಅಫಜಲಪುರದ ನಮ್ಮ ಓಣಿಯಲ್ಲಿ ತುಳಸಾಬಾಯಿಯಷ್ಟು ಮರ್ಯಾದಸ್ಥರು ಇನ್ನೊಬ್ಬರಿರಲಿಲ್ಲ. ಅವರಷ್ಟು ಹಟಮಾರಿಗಳೂ ಇರಲಿಲ್ಲ. ಈ ಎರಡು ಗುಣ ಒಂದೇ ಮೈಯಲ್ಲಿ ಕೂಡಿದರೆ ಏನಾಗುತ್ತದೆ ಎಂಬುದನ್ನು ನಾನು ಪಕ್ಕದ ಮನೆಯಲ್ಲಿದ್ದು ಕಣ್ಣಾರೆ ಕಂಡೆ. ಈಗಲೂ ನೆನೆದರೆ ಅವರ ಮೇಲೆ ಸಿಟ್ಟು ಬರುತ್ತದೆ, ಮರುಗಳಿಗೆ ಕಣ್ಣೂ ತುಂಬುತ್ತವೆ.

ಎಪ್ಪತ್ತರ ದಶಕದ ಮಾತು. ತುಳಸಾಬಾಯಿಯ ಗಂಡ ದತ್ತಾತ್ರೇಯರಾಯರಿಗೆ ದಮ್ಮು. ಮನೆಯ ಅಂಗಳ ದಾಟುವುದರೊಳಗೆ ಕೂತುಬಿಡುತ್ತಿದ್ದರು. ಸಂಸಾರದ ನೊಗವೆಲ್ಲ ಬಾಯಿಯ ಹೆಗಲ ಮೇಲೆ. ಅವರು ಕುಬಸದ ಖಣ, ಸೀರೆ ಗಂಟು ಕಟ್ಟಿಕೊಂಡು ಮನೆ ಮನೆಗೆ ಹೋಗಿ ಮಾರುತ್ತಿದ್ದರು. ಮಾಲು ತರುತ್ತಿದ್ದುದು ಆಳಂದದ ಬಸವಂತರಾಯ ಸಾವಕಾರರ ಅರಿವೆ ಅಂಗಡಿಯಿಂದ, ಅದೂ ಉದ್ರಿ. ಮಾರಿದ ಮೇಲೆ ದುಡ್ಡು, ದುಡ್ಡು ಮುಟ್ಟಿದ ಮೇಲೆ ಹೊಸ ಗಂಟು. ಸಹಿಯಿಲ್ಲ, ಸಾಕ್ಷಿಯಿಲ್ಲ. ಬಾಯಿ ಯಾವ ಸೀರೆಗೆ ಕೈ ಹಚ್ಚಿದರೂ ಸಾವಕಾರರು ಒಯ್ಯಿರಿ ಎನ್ನುತ್ತಿದ್ದರು. ಪೇಟೆಯಲ್ಲಿ ಇದಕ್ಕೆ ಪತ್ತು ಎನ್ನುತ್ತಾರೆ. ಪ್ರತಿ ದೀಪಾವಳಿ ಪಾಡ್ಯಕ್ಕೆ ಅಂಗಡಿ ಪೂಜೆಯ ಪಾನಸುಪಾರಿಗೆ ಬಾಯಿಗೆ ಕರೆ ಬರುತ್ತಿತ್ತು. ಹೋಗಿ ಬಂದ ಮೇಲೆ ನಾವು ನೀರಿಗೆ ನಿಂತರೂ ಅದರದೇ ವರ್ಣನೆ. ಸಾವಕಾರರು ಎದ್ದು ನಿಂತು ಕುರ್ಚಿ ಹಾಕಿಸಿದರಂತೆ, ಎಲ್ಲರ ಮುಂದೆ ಹೆಸರು ಹಿಡಿದು ಮಾತಾಡಿಸಿದರಂತೆ.

ಒಂದು ಲಗ್ನದ ಹಂಗಾಮಿನಲ್ಲಿ ತಮ್ಮ ಗುರುರಾಜ ಬಂದು ಅಕ್ಕನ ಬೆನ್ನು ಬಿದ್ದ. ರೇಷ್ಮೆ ಸೀರೆ ಕೊಡಿಸಿದರೆ ಸೋಲಾಪುರದ ಕಡೆ ಒಯ್ದು ಎರಡರಷ್ಟು ಮಾಡಿಕೊಂಡು ಬರುತ್ತೇನೆ ಎಂದ. ಬಾಯಿ ತಮ್ಮ ಹೆಸರಿನ ಮೇಲೆ ದೊಡ್ಡ ಗಂಟನ್ನೇ ಎತ್ತಿಕೊಟ್ಟರು. ತಮ್ಮನೂ ಸೀರೆಯೂ ಗಡಿಯ ಖಜೂರಿ ದಾಟಿದ್ದೇ ಕೊನೆ, ಮತ್ತೆ ಸುದ್ದಿಯಿಲ್ಲ. ಕೊಟ್ಟವಳು ಕೋಡಂಗಿ, ಇಸಕೊಂಡವ ಈರಭದ್ರ.

ಬಾಯಿ ಸಾಲ ನನ್ನದಲ್ಲ ಎನ್ನಲಿಲ್ಲ, ತಮ್ಮನ ಹೆಸರನ್ನೂ ಎತ್ತಲಿಲ್ಲ. ಆಳಂದದ ಬಸ್ಸಿನ ಕಂಡಕ್ಟರ್ ಅಬ್ದುಲ್ ಗನಿಯ ಕೈಯಲ್ಲಿ ಹೇಳಿಕಳಿಸಿದರು: ಬಾಕಿ ನನ್ನದು, ಪೈ ಪೈ ಮುಟ್ಟಿಸುತ್ತೇನೆ. ಅಷ್ಟಕ್ಕೇ ಬಿಟ್ಟಿದ್ದರೆ ಚಲೋ ಇತ್ತು. ಬಾಕಿ ತೀರುವತನಕ ಆ ಅಂಗಡಿಯ ಹೊಸ್ತಿಲು ತುಳಿಯುವುದಿಲ್ಲ ಎಂದು ದೇವರ ಮುಂದೆ ಆಣೆಯನ್ನೂ ಮಾಡಿಬಿಟ್ಟರು.

ಗಂಟಿನ ವ್ಯಾಪಾರ ನಿಂತಿತು. ದರ್ಜಿಗಳ ಹತ್ತಿರ ಚಿಂದಿ ತಂದು ಕೌದಿ ಹೊಲಿಯಲು ಕೂತರು. ಬಂದ ದುಡ್ಡಿನಲ್ಲಿ ಸಾವಕಾರರ ಪಾಲು ಮೊದಲು ತೆಗೆದಿಟ್ಟು, ಉಳಿದದ್ದರಲ್ಲಿ ಜೋಳ ತರುತ್ತಿದ್ದರು. ತಿಂಗಳು ತಿಂಗಳು ಅಬ್ದುಲ್ ಗನಿಯ ಕೈಗೆ ದುಡ್ಡು ಹೋಗುತ್ತಿತ್ತು. ಅವನೂ ಪ್ರಾಮಾಣಿಕ, ಒಂದಾಣೆ ಹೆಚ್ಚುಕಮ್ಮಿ ಮಾಡಿದವನಲ್ಲ. ಆದರೆ ದುಡ್ಡು ಮುಟ್ಟಿಸಿ ಬರುವಾಗಲೆಲ್ಲ ಒಂದೇ ಮಾತು ತರುತ್ತಿದ್ದ. ಬಾಯಿ ಯಾಕೆ ಬರುವುದಿಲ್ಲ, ದುಡ್ಡು ಇಲ್ಲದಿದ್ದರೂ ಬಂದು ಕೂತು ಚಹಾ ಕುಡಿದು ಹೋಗಲಿ ಎಂದು ಸಾವಕಾರರು ಕೇಳಿದರಂತೆ.

ಇದು ನಮ್ಮ ಪೇಟೆಯ ರೀತಿ. ಬಾಕಿದಾರ ಬರಿಗೈಲಿ ಬಂದರೂ ಸರಿ, ಗಾದಿಯ ಮುಂದೆ ಕೂತು ಕಷ್ಟ ಹೇಳಿಕೊಂಡು ಚಹಾ ಕುಡಿದರೆ ಅವನ ಪತ್ತು ಉಳಿಯುತ್ತದೆ. ಮುಖ ತಪ್ಪಿಸಿದವನು ಬಡ್ಡಿ ಸಮೇತ ಕೊಟ್ಟರೂ ಮುಖ ತಪ್ಪಿಸಿದವನೇ. ಊರೆಲ್ಲ ತಿರುಗಿ ವ್ಯಾಪಾರ ಮಾಡಿದ ಹೆಂಗಸಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ನಾನು ಒಮ್ಮೆ ಜಗಳಕ್ಕೇ ನಿಂತೆ.

"ಬಾಕಿ ತಲಿ ಮ್ಯಾಲ ಹೊತಗೊಂಡು ಅಂಗಡಿ ಲಕ್ಷ್ಮೀ ಮುಂದ ಹ್ಯಾಂಗ ನಿಂದರ್ಲಿ, ಗುರಮ್ಮಾ? ನಂಗ ಆಗಂಗಿಲ್ಲ ಬೇ" ಎಂದರು. ಆಮೇಲೆ ಒಂದು ತಿಂಗಳು ನನ್ನ ಸಂಗಡ ಮಾತು ಬಿಟ್ಟರು. ಪಾಡ್ಯದ ಕರೆ ಕೆಲವು ವರ್ಷ ಬಂತು. ಹೋಗದವರನ್ನು ಎಷ್ಟು ಸಲ ಕರೆದಾರು? ಒಂದು ವರ್ಷ ನಿಂತೇಹೋಯಿತು.

ಹತ್ತು ಹನ್ನೆರಡು ವರ್ಷವೇ ಹಿಡಿಯಿತು. ಲೆಕ್ಕ ಚುಕ್ತಾ ಆಯಿತೆಂದು ಅಬ್ದುಲ್ ಗನಿ ಬಂದು ಹೇಳಿದ ದಿನ ಬಾಯಿ ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದರು. ಆ ಪಾಡ್ಯಕ್ಕೆ ಕರೆ ಬಾರದಿದ್ದರೂ ಇಳಕಲ್ ಸೀರೆ ಉಟ್ಟು, ನನ್ನನ್ನೂ ಕರೆದುಕೊಂಡು ಆಳಂದದ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಯಾವ ಊರಿಗೆ ಯಾವ ಬಣ್ಣದ ಖಣ ಒಯ್ಯಬೇಕು ಎಂಬುದೇ ಮಾತು.

ಅಂಗಡಿಯಲ್ಲಿ ಚೆಂಡುಹೂವಿನ ಮಾಲೆ, ಊದುಬತ್ತಿಯ ಘಮ. ಗಾದಿಯ ಮೇಲೆ ಮಗ ಮಲ್ಲಣ್ಣ ಕೂತಿದ್ದ. ಮೂಲೆಯ ಕುರ್ಚಿಯಲ್ಲಿ ಶಾಲು ಹೊದ್ದುಕೊಂಡು ಸಾವಕಾರರು. ಕಣ್ಣು ಮಂಜಾಗಿದ್ದವು, ಬಾಯಿಯನ್ನು ದನಿಯಿಂದ ಗುರುತು ಹಿಡಿದರು.

"ಬಾಕಿ ಪೂರಾ ಮುಟ್ಟ್ಯದಲ್ರಿ, ಸಾವಕಾರ್ರ?"

"ಮುಟ್ಟ್ಯದವ್ವಾ. ಒಂದ ಪೈ ಉಳದಿಲ್ಲ."

"ಹಂಗಾರ ಇವತ್ತು ಒಂದು ಗಂಟು ಕೊಡ್ರಿ. ಸಂಕ್ರಾಂತಿಗೆ ಮುಟ್ಟಸ್ತೇನಿ."

ಸಾವಕಾರರು ಮಗನ ಕಡೆ ಮುಖ ತಿರುಗಿಸಿದರು. ಅವನು ತಲೆ ತಗ್ಗಿಸಿ, ಹೊಸಬರಿಗೆ ಸದ್ಯ ರೋಖ್ ಮಾತ್ರ, ಉದ್ರಿ ಇಲ್ಲ ಎಂದು ಮೆಲ್ಲಗೆ ಹೇಳಿದ. ಹೊಸಬರು. ತುಳಸಾಬಾಯಿ ಹೊಸಬರು!

"ನಾ ಗಾದಿ ಇಳದೇನಿ ಬಾಯಿ" ಎಂದರು ಸಾವಕಾರರು. "ಬಾಕಿ ಇದ್ದಾಗ ಬಂದು ಕೂತಿದ್ರ ಮಗನ್ನ ಕರದು ನಿಮ್ಮ ಗುರ್ತ ಮಾಡಿಕೊಡ್ತಿದ್ದೆ. ಗಾದಿ ಇಳಿಯೂತನಕ ಪ್ರತಿ ಪಾಡ್ಯಕ್ಕ ಕುರ್ಚಿ ಹಾಕಿಸಿ ದಾರಿ ನೋಡಿದೆ. ರೊಕ್ಕ ಬಂತು, ನೀವು ಬರಲಿಲ್ಲ."

ಬಾಯಿ ಹೊರಡಲು ತಿರುಗಿದರು. ಮಲ್ಲಣ್ಣ ಒಳ್ಳೆಯ ಹುಡುಗ. ಹಿರಿಯ ಹೆಂಗಸು ಬರಿಗೈಲಿ ಹೋಗಬಾರದೆಂದು ಎಲೆ ಅಡಿಕೆಯ ಜೊತೆಗೆ ಒಂದು ಖಣ ತೆಗೆದು ಅವರ ಕೈಗೆ ಇಟ್ಟ. ಬಾಯಿ ಅದರ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದರು, ಮೊದಲು ಮಾಲು ಆರಿಸುವಾಗ ನೋಡುತ್ತಿದ್ದ ಹಾಗೆಯೇ.

"ತಮ್ಮಾ, ಇದು ಪುಗಸಟ್ಟೆ ಬ್ಯಾಡ. ನನ್ನ ಹೆಸರಿನ ಮ್ಯಾಲ ಉದ್ರಿ ಬರಕೋ."

ಮಲ್ಲಣ್ಣ ನಕ್ಕ. "ಒಂದು ಖಣಕ್ಕ ಯಾತರ ಉದ್ರಿ ಬಿಡ್ರಿ ಅವ್ವಾರ. ನಮ್ಮ ಮನಿ ಅರಿಷಿಣ ಕುಂಕುಮ ಅಂತ ತಿಳಕೊಂಡು ಇಟಗೊಳ್ರಿ."

ಬರೆದುಕೊಂಡಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಬಾಯಿ ಕೇಳಿದ್ದು ಪತ್ತು ಎಂಬುದು ಅವನಿಗೆ ತಿಳಿಯಲಿಲ್ಲ. ತಿಳಿದ ಸಾವಕಾರರು ಕಣ್ಣು ಮುಚ್ಚಿ ಕೂತುಬಿಟ್ಟರು.

ಮುಂದಿನ ವಾರ ಬಾಯಿ ಮತ್ತೆ ನನ್ನನ್ನು ಆಳಂದಕ್ಕೆ ಎಳೆದುಕೊಂಡು ಹೋದರು. ಆ ಖಣದ ದುಡ್ಡನ್ನು ತಮ್ಮ ಕೈಯಾರೆ ಗಾದಿಯ ಮೇಲಿಟ್ಟರು. ಮಲ್ಲಣ್ಣ ಬೇಡ ಬೇಡ ಎಂದು ಸೋತು, ಕೊನೆಗೆ ತೆಗೆದುಕೊಂಡು ಚಹಾ ತರಿಸಿದ. ಬಾಯಿ ಗಾದಿಯ ಮುಂದೆ ಕೂತು ಕುಡಿದರು. ಸಾವಕಾರರು ಬರುತ್ತಾರೇನು ಎಂದು ಕೇಳಿದರು. ಅಪ್ಪ ಈಗ ಅಂಗಡಿಗೆ ಬರುವುದು ಪಾಡ್ಯಕ್ಕಷ್ಟೇ ಎಂದ ಅವನು. ಮುಂದಿನ ಪಾಡ್ಯದವರೆಗೆ ಸಾವಕಾರರು ಉಳಿಯಲಿಲ್ಲ.

ಆ ದಿನ ತಿರುಗಿ ಬರುವಾಗ ಬಸ್ಸಿನಲ್ಲಿ ಬಾಯಿ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದರು. ಊರು ಹತ್ತಿರ ಬಂದಾಗ ಸೆರಗಿನಿಂದ ಮುಖ ಒರೆಸಿಕೊಂಡರು.

"ಚಹಾ ಚಲೋ ಇತ್ತು, ಗುರಮ್ಮಾ" ಎಂದರು.