ಹಿಂದೆ ಕೂತವಳ ಮೇಲೆ ಹೊರಿಸಿದ್ದು

ಅರ್ಧ ಆಯುಷ್ಯ ಓಡುವ ಬಸ್ಸಿನಲ್ಲಿ ನಿಂತೇ ಟಿಕೆಟ್ ಹರಿದವಳು ಆಕೆ. ನಿವೃತ್ತಳಾದ ಮೇಲೂ ಬೀದಿಯವರ ಬಾಯಲ್ಲಿ ಕಂಡಕ್ಟ್ರಮ್ಮನಾಗಿಯೇ ಉಳಿದಳು. ಗಡಿಯಾರ ರಿಪೇರಿ ಮಾಡುವ ಗಂಡ, ಅರವತ್ತರ ಹೊಸ್ತಿಲಲ್ಲಿ ದೂರ ಪ್ರಯಾಣಕ್ಕೆಂದು ದೊಡ್ಡ ಬೈಕು ತಂದಾಗ, ಹಿಂದಿನ ಸೀಟು ತನ್ನದೆಂದು ಅವತ್ತೇ ಹೇಳಿಬಿಟ್ಟಳು. "ಕಂಡವರನ್ನೆಲ್ಲ ಊರು ಸೇರಿಸಿದ್ದಾಯ್ತು. ಇನ್ಮೇಲೆ ನಾನು ಕೂತ್ಕೊಂಡು ಹೋಗ್ತೀನಿ."

ಮೊದಲ ಸವಾರಿಯಲ್ಲೇ, ಹೆದ್ದಾರಿಯಲ್ಲಿ ವೇಗ ಎಂಬತ್ತು ದಾಟುತ್ತಿದ್ದಂತೆ ಬೈಕು ಕುಡುಕನಂತೆ ಅತ್ತಿತ್ತ ಓಲಾಡತೊಡಗಿತು. ಗಂಡ ಹೆದರಿ ಹ್ಯಾಂಡಲನ್ನು ಬಿಗಿ ಹಿಡಿದಷ್ಟೂ ನಡುಕ ಹೆಚ್ಚಾಯಿತು. ವೇಗ ಇಳಿದ ಮೇಲಷ್ಟೇ ಅದು ಸುಮ್ಮನಾಯಿತು.

ಜೊತೆಗೆ ತನ್ನ ಬೈಕಿನಲ್ಲಿ ಬಂದಿದ್ದ ಮೈದುನ ಪೆಟ್ರೋಲ್ ಬಂಕಿನಲ್ಲಿ ನಕ್ಕ. "ಗಾಡಿ ಚೆನ್ನಾಗೇ ಇದೆ ಅಣ್ಣ. ಹಿಂದಿನ ಲಗೇಜು ಸ್ವಲ್ಪ ಜಾಸ್ತಿ ಆಯ್ತು, ಅಷ್ಟೇ," ಎಂದು ಅತ್ತಿಗೆಯ ಕಡೆ ಕಣ್ಣು ಹಾಯಿಸಿದ. ಗಂಡನೂ ನಕ್ಕ. ಅದೇ ಆಕೆಗೆ ಮುಳ್ಳಾಗಿ ನಾಟಿದ್ದು.

ರಿಪೇರಿಗೆ ಒಯ್ದಾಗ ಮೆಕ್ಯಾನಿಕ್ಕನೂ ಗಾಡಿ ನೋಡುವ ಮೊದಲು ಆಕೆಯನ್ನು ನೋಡಿದ. "ಹಿಂದೆ ಕೂರೋದು ಇವರೇನಾ?"

ಆಕೆ ವಾರಗಟ್ಟಲೆ ರಾತ್ರಿ ಊಟ ಬಿಟ್ಟಳು. ಮೈ ಇಳಿಯಿತು, ಓಲಾಟ ಇಳಿಯಲಿಲ್ಲ. ಕೊನೆಗೆ ಗಂಡ ಮೆಲ್ಲಗೆ, "ಈ ಸಲ ನೀನು ಮನೇಲೇ ಇರು," ಎಂದಾಗ ಪಿತ್ತ ನೆತ್ತಿಗೇರಿತು.

"ಇರ್ತೀನಿ. ಮೊದಲು ನೀವು ಒಬ್ರೇ ಹೋಗ್ಬನ್ನಿ. ಪೆಟ್ಟಿಗೆ ಹಾಗೇ ಇರ್ಲಿ."

ಪೆಟ್ಟಿಗೆ ಎಂದರೆ ಸೀಟಿನ ಹಿಂದೆ, ಚಕ್ರಕ್ಕಿಂತಲೂ ಆಚೆ ಚಾಚಿಕೊಂಡ ಎತ್ತರದ ಡಬ್ಬ. ಒಳಗೆ ಮೈದುನನ ಟೆಂಟು, ಒಲೆ, ಕಬ್ಬಿಣದ ಮಡಚುವ ಕುರ್ಚಿಗಳು. ತನ್ನ ಬೈಕಿನ ಅಂದ ಕೆಡುತ್ತದೆಂದು ಎಲ್ಲವನ್ನೂ ಮೊದಲ ಸವಾರಿಗೇ ಅಣ್ಣನ ಗಾಡಿಗೆ ಹೇರಿದ್ದ.

ಗಂಡ ಬಿಳಿಚಿಕೊಂಡು ವಾಪಸು ಬಂದ. ಗಾಡಿ ಅಷ್ಟೇ ಜೋರಾಗಿ ಓಲಾಡಿತ್ತು. ಆಕೆ ಪೆಟ್ಟಿಗೆ ಕಳಚಿಸಿ ತಾನು ಗಂಡನ ಹಿಂದೆ ಹತ್ತಿ ಕೂತಳು. ಎಂಬತ್ತು ದಾಟಿತು, ತೊಂಬತ್ತಾಯಿತು. ಗಾಡಿ ನೆಟ್ಟಗೇ ಓಡಿತು.

"ಈಗ ಹೇಳಿ, ಲಗೇಜು ಯಾರು?"

ಗಂಡ ಗಾಡಿಯನ್ನು ಮೆಕ್ಯಾನಿಕ್ಕನ ಅಂಗಡಿಯ ಕಡೆ ತಿರುಗಿಸಿದ.

ಹಿಂದಿನ ಚಕ್ರದಾಚೆ ಅಷ್ಟು ಭಾರ ತೂಗಿದರೆ ಮುಂದಿನ ಚಕ್ರ ಹಗುರಾಗಿ ಓಲಾಡುತ್ತದೆ ಎಂದ ಮೆಕ್ಯಾನಿಕ್. ಆ ಚಕ್ರ ಎತ್ತಿ ಅಲುಗಿಸಿದಾಗ ಹ್ಯಾಂಡಲ್ ಬುಡದ ಬೇರಿಂಗೂ ಸಡಿಲವಾಗಿರುವುದು ಕಂಡಿತು. "ಇದನ್ನ ಅವತ್ತೇ ನೋಡ್ಬಹುದಿತ್ತಲ್ಲಪ್ಪ?" ಎಂದಳು. ಅವನು ಸ್ಪ್ಯಾನರ್ ಹುಡುಕುವ ನೆಪದಲ್ಲಿ ಬಗ್ಗಿದ.

ಭಾನುವಾರ ಮೈದುನ ಬಂದಾಗ ಪೆಟ್ಟಿಗೆಯನ್ನು ಅವನ ಕಾಲ ಬಳಿ ಇಟ್ಟಳು.

"ಬಿಡಿ ಅತ್ತಿಗೆ, ತಮಾಷೆಗೆ ಅಂದಿದ್ದು."

"ನಿನ್ನ ತಮಾಷೆಗೆ ನಾನು ಹಸ್ಕೊಂಡು ಮಲಗಿದೀನಿ. ನಿಮ್ಮಣ್ಣ ಆ ಕುರ್ಚಿಗಳಿಗೋಸ್ಕರ ರಸ್ತೇಲಿ ಬೀಳ್ಬೇಕಿತ್ತಾ? ತಗೊಂಡು ಹೋಗು."

ಅವನು ಗೊಣಗುತ್ತ ಪೆಟ್ಟಿಗೆ ಹೊತ್ತು ಮೆಟ್ಟಿಲಿಳಿದ. ತಪ್ಪಾಯಿತು ಎಂದಿದ್ದು ಗಂಡ.

"ನಗೋವಾಗ ನೀವೂ ಜೊತೇಲಿದ್ರಿ," ಎಂದಳು ಆಕೆ.

ಮುಂದಿನ ಸವಾರಿಗೆ ಇಬ್ಬರೇ ಹೊರಟರು, ಎರಡು ಚಿಕ್ಕ ಚೀಲಗಳನ್ನು ಅಕ್ಕಪಕ್ಕ ಕೆಳಗೆ ಕಟ್ಟಿಕೊಂಡು.