ಹೊರಗೆ ಹೋಗದ ಮೂರು ಮೇಲ್‌ಗಳು

ಗೊರ್ರ್ ಎಂದು ಒಮ್ಮೆ ಕೆಮ್ಮಿ, ಆಮೇಲೆ ಸಣ್ಣಗೆ ಗುಂಯ್‌ಗುಡುವುದು ದ್ರಾಕ್ಷಾಯಣಿಯವರ ಕಂಪ್ಯೂಟರಿನ ಅಭ್ಯಾಸ. ನಡುಮನೆಯಿಂದ ಆ ಸದ್ದು ಬಂತೆಂದರೆ, ಹಿತ್ತಲಲ್ಲಿ ತೆಂಗಿನಕಾಯಿ ಸುಲಿಯುವ ಗಂಡ ಶರತ್ಚಂದ್ರರಿಗೆ ಹೆಂಡತಿಯ ಕಾಫಿ ಮುಗಿಯಿತೆಂದು ಗೊತ್ತಾಗುತ್ತದೆ.

"ಶುರುವಾಯ್ತಾ ನಿನ್ನ ಹಿಟ್ಟಿನ ಗಿರಣಿ?"

"ರಾಗಿ ಇದ್ರೆ ತನ್ನಿ, ಬೀಸಿ ಕೊಡ್ತೀನಿ."

ಅರಸೀಕೆರೆಯ ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರಾಗಿ ಸೇರಿದಾಗ ದ್ರಾಕ್ಷಾಯಣಿಯವರಿಗೆ ಇನ್ನೂ ಮದುವೆಯಾಗಿರಲಿಲ್ಲ. ಬಾಣಾವರದ ಕೊಬ್ಬರಿ ವ್ಯಾಪಾರಿಯನ್ನು ದಾವಣಗೆರೆಯ ಮಂಡಿಗೆ, ಬಿಕ್ಕೋಡಿನ ಕಾಫಿ ತೋಟದ ರೈಟರನ್ನು ಮಂಗಳೂರಿಗೆ ಜೋಡಿಸುವುದು ಅವರ ಕೆಲಸ. ಆ ಕೆಲಸದಲ್ಲಿ ಯಾರಿಗೂ ಸ್ವಂತ ಹೆಸರಿರಲಿಲ್ಲ. ಲೈನ್ ಸಿಕ್ಕೊಡನೆ ಊರಿನ ಹೆಸರು ಹೇಳಬೇಕು, ಅಷ್ಟೆ. "ಅರಸೀಕೆರೆ" ಎಂದು ಇವರು ಹೇಳಿದರೆ, ಆ ತುದಿಯಿಂದ "ಹಳೇಬೀಡು" ಎಂದು ಒಂದು ದನಿ. ಆ ದನಿಯ ಹೆಸರು ಮಾಲಿನಿ ಎಂದು ತಿಳಿಯುವ ಹೊತ್ತಿಗೆ ಒಂದು ಮಳೆಗಾಲ ಕಳೆದಿತ್ತು. ಮುಖ ಕಂಡದ್ದು ಇನ್ನೂ ತಡವಾಗಿ. ಬೇಲೂರಿನ ಒಂದು ಮದುವೆಯ ಊಟದ ಸಾಲಿನಲ್ಲಿ ಪಕ್ಕದವಳು "ಇಲ್ಲಿಗೊಂಚೂರು ಸಾರು" ಎಂದಳು. ದ್ರಾಕ್ಷಾಯಣಿ ತುತ್ತು ಬಿಟ್ಟು ತಿರುಗಿ, "ಹಳೇಬೀಡು?" ಎಂದರು. ಅಂದಿನಿಂದ ಇಬ್ಬರೂ ಗೆಳತಿಯರು.

ಎಕ್ಸ್‌ಚೇಂಜಿಗೆ ಕಂಪ್ಯೂಟರ್ ಬಂದಾಗ, ಕಪ್ಪು ಪರದೆಯ ಮೇಲೆ ಅಪ್ಪಣೆಗಳನ್ನು ಟೈಪ್ ಮಾಡಿ ಕೆಲಸ ತೆಗೆಯುವುದನ್ನು ದ್ರಾಕ್ಷಾಯಣಿ ಕಲಿತರು. ನಿವೃತ್ತಿಯ ನಂತರ ಮನೆಯಲ್ಲೂ ಅಂಥದೇ ಒಂದು ಲಿನಕ್ಸ್ ಯಂತ್ರ ಇಟ್ಟುಕೊಂಡರು. ಯಾಕೆಂದು ಕೇಳಿದವರಿಗೆ, "ಇದು ನಾನು ಹೇಳಿದ್ದನ್ನ ಮಾಡುತ್ತೆ. ಈ ಮನೇಲಿ ಹಾಗೆ ಇನ್ಯಾರಿದ್ದಾರೆ?" ಎನ್ನುತ್ತಿದ್ದರು.

ಹೋದ ತಿಂಗಳು ಫೋನಿನಲ್ಲಿ ಮಾಲಿನಿ ಮಾತುಮಾತಿಗೂ "ಆಂ? ಏನಂದೆ?" ಎನ್ನುತ್ತಿದ್ದರು. ದ್ರಾಕ್ಷಾಯಣಿಗೆ ತಾಳ್ಮೆ ತಪ್ಪಿತು. "ನಿನ್ನ ಕಿವಿ ಕೆಟ್ಟಿದೆ ಕಣೇ. ಮಿಷನ್ ಹಾಕಿಸ್ಕೋ." ಜೀವಮಾನವೆಲ್ಲ ಕಿವಿಯನ್ನೇ ನಂಬಿ ಬದುಕಿದವಳಿಗೆ ಹೇಳುವ ಮಾತಲ್ಲ ಅದು. ಆ ಕಡೆ ಫೋನ್ ಕಟ್ಟಾಯಿತು.

ಹಳೆಯ ಆಪರೇಟರುಗಳಲ್ಲಿ ಒಂದು ಕಟ್ಟಳೆಯಿದೆ. ಲೈನ್ ಕಡಿದವರೇ ಮತ್ತೆ ಕರೆ ಮಾಡಬೇಕು, ಇಬ್ಬರೂ ಮಾಡಹೋದರೆ ಎರಡು ತುದಿಯೂ ಎಂಗೇಜ್. ಹಾಗಾಗಿ ದ್ರಾಕ್ಷಾಯಣಿ ಫೋನ್ ಮುಟ್ಟುವಂತಿರಲಿಲ್ಲ. ಮೇಲ್ ಕಳಿಸಬಹುದಲ್ಲ? ತಪ್ಪಾಯಿತೆಂದು ಬರೆದರು. ಉತ್ತರವಿಲ್ಲ. ಕಾಯಿಕಡುಬು ಮಾಡುತ್ತೇನೆ ಬಾ ಎಂದು ಬರೆದರು. ಅದಕ್ಕೂ ಇಲ್ಲ. ಮೂರನೆಯದರಲ್ಲಿ ತಮ್ಮ ಕಣ್ಣಿನ ಪೊರೆ, ಮಂಡಿನೋವುಗಳನ್ನೆಲ್ಲ ತೋಡಿಕೊಂಡು, ನಾನೇನು ಹರೆಯದವಳಾಗೇ ಉಳಿದಿದ್ದೇನೆಯೇ ಎಂದು ತಮ್ಮನ್ನೇ ಹಂಗಿಸಿಕೊಂಡರು. ಹಳೇಬೀಡು ಮಾತಾಡಲಿಲ್ಲ.

"ಅವಳು ನನ್ನ ಬಿಟ್ಲು ಕಣ್ರೀ" ಎಂದರು ಈ ಬೆಳಿಗ್ಗೆ, ಪರದೆಯನ್ನೇ ನೋಡುತ್ತ.

ಶರತ್ಚಂದ್ರ ಕೈ ಒರೆಸಿಕೊಂಡು ಬಂದರು. "ನಾನಿದ್ದೀನಲ್ಲ."

"ನೀವು ಇದ್ದೇ ಇರ್ತೀರಿ. ಅವಳ ಮಾತು ಬೇರೆ."

"ಮೇಲ್ ಹೋಗಿದೆಯೋ ಇಲ್ವೋ, ನೋಡಿದ್ಯಾ?"

"ಹೋಗದೆ ಇನ್ನೆಲ್ಲಿರುತ್ತೆ?" ಎಂದು ಗದರಿದರೂ, ಬೆರಳುಗಳು ಯಂತ್ರದೊಳಗಿನ ಅಂಚೆಪೆಟ್ಟಿಗೆಯನ್ನು ತೆರೆದವು. ಹೊರಗಿನಿಂದ ಬರುವ ಮೇಲ್‌ಗಳನ್ನು ಮೊಬೈಲಿನಲ್ಲೇ ಓದುವ ರೂಢಿಯಾಗಿ, ಈ ಪೆಟ್ಟಿಗೆಯ ಕಡೆ ಅವರು ತಿರುಗಿಯೂ ನೋಡಿರಲಿಲ್ಲ. ಮೂರು ಮೇಲ್‌ಗಳೂ ಅಲ್ಲೇ ಬಿದ್ದಿದ್ದವು. ಕಳಿಸಿದವರ ಊರು ಯಾವುದೋ ತಿಳಿಯದು, ಆದ್ದರಿಂದ ಸ್ವೀಕರಿಸಿಲ್ಲ ಎಂದು ಆ ಕಡೆಯ ಯಂತ್ರ ಮೂರನ್ನೂ ಹಿಂದಕ್ಕೆ ಅಟ್ಟಿತ್ತು.

ಯುಗಾದಿಯ ಹೊತ್ತಿಗೆ ಹಳೆಯ ಡಿಸ್ಕ್ ಕೈಕೊಟ್ಟಿತ್ತು. ಮೊದಲ ಸಲ ಎಲ್ಲವನ್ನೂ ಸಿದ್ಧಮಾಡಿಕೊಟ್ಟವರು ಸಹೋದ್ಯೋಗಿ ಮಹಾಂತೇಶ್. ಈ ಸಲ ಹೊಸ ಡಿಸ್ಕ್ ಹಾಕಿ, ದ್ರಾಕ್ಷಾಯಣಿ ತಾವೇ ಮಾಡಿದ್ದರು. ನಡುವೆ ಯಂತ್ರ ಕೇಳಿತ್ತು, ಈ ಕಂಪ್ಯೂಟರಿನ ಹೆಸರೇನು? ಬೆರಳು ಯೋಚಿಸಲಿಲ್ಲ, 'ಅರಸೀಕೆರೆ' ಎಂದಿತು. ಬಳಸುವವರ ಹೆಸರು? 'ಆಪರೇಟರ್'. ಹೊರಹೋಗುವ ಮೇಲ್‌ನ ವಿಳಾಸವನ್ನು ಬೇರೆಯಾಗಿ ತಿಳಿಸದೆ ಇದ್ದುದರಿಂದ, ಯಂತ್ರ ಆ ಎರಡನ್ನೇ ಜೋಡಿಸಿ ಲಕೋಟೆಯ ಮೇಲೆ ಬರೆದು ಕಳಿಸಿತ್ತು.

ದ್ರಾಕ್ಷಾಯಣಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಏನಾಯ್ತೇ?"

"ಜಗತ್ತಿಗೆ ಅರಸೀಕೆರೆ ಗೊತ್ತಿಲ್ವಂತೆ."

"ಜಂಕ್ಷನ್ ಅಂತ ಸೇರಿಸ್ಬೇಕಿತ್ತು."

ಮನೆಯೊಳಗೆ ಯಂತ್ರವನ್ನು ಏನೆಂದು ಕರೆದರೂ ನಡೆಯುತ್ತದೆ. ಹೊಸಿಲು ದಾಟುವ ಮೇಲ್‌ಗೆ ಮಾತ್ರ ಹೊರಗಿನವರು ಹುಡುಕಿಕೊಂಡು ಬರಬಲ್ಲ ವಿಳಾಸ ಬೇಕು. ದ್ರಾಕ್ಷಾಯಣಿ ಕನ್ನಡಕ ಸರಿಮಾಡಿಕೊಂಡು, ಮೇಲ್ ಕಳಿಸುವ ನಿಯಮಗಳಿರುವ ಕಡತವನ್ನು ತೆರೆದರು. ಯಂತ್ರದ ಹೆಸರನ್ನು ಹಾಗೇ ಬಿಟ್ಟರು, ಅದನ್ನು ಅಳಿಸಲು ಮನಸ್ಸು ಬರಲಿಲ್ಲ. ಹೊರಹೋಗುವ ವಿಳಾಸದ ಜಾಗದಲ್ಲಿ ಮೊಬೈಲಿನಲ್ಲಿರುವ ತಮ್ಮ ನಿಜವಾದ ವಿಳಾಸವನ್ನು ತುಂಬತೊಡಗಿದರು. ಅದು ಶುರುವಾಗುವುದೇ ದ್ರಾಕ್ಷಾಯಣಿ ಎಂದು. ಒಂದೊಂದೇ ಅಕ್ಷರ ಒತ್ತುವಾಗ, ಲೈನಿನ ಈ ತುದಿಯಲ್ಲಿ ಕೂತು ತಮ್ಮ ಹೆಸರನ್ನು ತಾವೇ ಹೇಳುವುದು ಇದೇ ಮೊದಲೇನೋ ಎಂಬ ನಾಚಿಕೆ ಮುಖದ ಮೇಲೆ ಸುಳಿಯಿತು.

ಪರೀಕ್ಷೆಗೆಂದು ಒಂದನ್ನು ಗಂಡನಿಗೆ ಕಳಿಸಿದರು. ಶರತ್ಚಂದ್ರರ ಜೇಬಿನಲ್ಲಿ ಮೊಬೈಲ್ ಟಣ್ ಎಂದಿತು.

"ಯಾರೋ ದ್ರಾಕ್ಷಾಯಣಿ ಅಂತೆ. ಗೊತ್ತಾ ನಿಂಗೆ?"

"ಗೊತ್ತು. ಬಾಯಿ ಜೋರು."

ಆಮೇಲೆ ಹಳೇಬೀಡಿಗೆ ಒಂದೇ ಸಾಲು ಬರೆದರು: ಮೂರು ಸಲ ಕರೆದೆ, ಲೈನ್ ಸಿಗಲಿಲ್ಲ, ತಪ್ಪು ನನ್ನ ಕಡೆಯದೇ. ಕಳಿಸಿದ ಮೇಲೆ ಮನೆಯೆಲ್ಲ ಓಡಾಡಿದರು. ಮಡಿಸಿದ್ದ ಬಟ್ಟೆಯನ್ನೇ ಮತ್ತೆ ಮಡಿಸಿದರು. ಮೇಲ್ ತಲುಪಿಯೂ ಉತ್ತರ ಬಾರದಿದ್ದರೆ ದೂರಲು ಯಂತ್ರವೂ ಇಲ್ಲವಲ್ಲ ಎಂಬ ದಿಗಿಲು ಈಗ ಹೊಸದಾಗಿ ಹತ್ತಿತ್ತು.

ಹನ್ನೊಂದು ಗಂಟೆ ದಾಟಿದ ಮೇಲೆ ಉತ್ತರ ಬಂತು. ದ್ರಾಕ್ಷಾಯಣಿ ನಿಂತೇ, ಗಟ್ಟಿಯಾಗಿ ಓದಿದರು.

"ದ್ರಾಕ್ಷಿ, ಹಾಸನಕ್ಕೆ ಹೋಗಿ ಕಿವಿ ತೋರಿಸಿದೆ. ನೀನು ಹೇಳಿದ್ದು ನಿಜ, ಅದಕ್ಕೇ ಅಷ್ಟು ಸಿಟ್ಟು ಬಂದಿದ್ದು. ಮಿಷನ್ ಹಾಕಿದ್ದಾರೆ. ಎದುರಿಗಿದ್ರೆ ಚೆನ್ನಾಗಿ ಕೇಳುತ್ತೆ, ಫೋನಲ್ಲಿ ಬರೀ ಗೊರಗೊರ. ಕಡಿದವಳು ನಾನೇ, ಕರೆ ಮಾಡೋದು ಹೇಗೆ ಅಂತ ಕೂತಿದ್ದೆ. ಅರಸೀಕೆರೆ ಬಸ್ ಹತ್ತಿದ್ದೀನಿ. ಜಾವಗಲ್ ದಾಟಿತು."

"ಜಾವಗಲ್ಲಾ?" ಶರತ್ಚಂದ್ರ ಗೋಡೆ ಗಡಿಯಾರ ನೋಡಿದರು. "ಹಾಗಿದ್ರೆ ಇನ್ನೂ ಅರ್ಧ ಗಂಟೆ ಮೇಲೇ ಬೇಕು. ಕೂತ್ಕೋ, ನೀರು ಕುಡಿ. ಇಷ್ಟು ಬೇಗ ಹೋಗಿ ಬಸ್ ಸ್ಟ್ಯಾಂಡಲ್ಲಿ ನಿಂತು ಏನ್ ಮಾಡ್ತೀಯ? ಬಿಸಿಲು ಬೇರೆ. ಹೋಗ್ಲೇಬೇಕಂದ್ರೆ ಕೊಡೆ ತಗೋ, ಬರ್ತಾ ಒಂದು ಪ್ಯಾಕೆಟ್ ಮೊಸರು..."

ದ್ರಾಕ್ಷಾಯಣಿಯವರು ಸೆರಗು ಸಿಕ್ಕಿಸಿಕೊಂಡು ಆಗಲೇ ರಸ್ತೆಯ ತಿರುವಿನಲ್ಲಿದ್ದರು.